ಮನೆವಾರ್ತೆ: ಪರದೇಶದಲ್ಲಿ ಹಿಡಿದ ತೆರಿಗೆ ಮರಳಿ ಬಂದೀತೆ?



ಒಂದು ಕಾಲದಲ್ಲಿ ಊರಿನಿಂದ ಒಬ್ಬರು ಪರದೇಶಕ್ಕೆ ಹೊರಟರೆ ಇಡೀ ಬೀದಿಯೇ ಬಸ್ ಸ್ಟ್ಯಾಂಡಿಗೆ ಬಂದು ಕಳಿಸಿಕೊಡುತ್ತಿತ್ತು. ಈಗ ಹಾಗಿಲ್ಲ. ನಮ್ಮಂಥ ಸಣ್ಣ ಊರಿನಲ್ಲೂ ಬೀದಿಗೊಂದು ಮನೆಯಿಂದಾದರೂ ಯಾರೋ ಒಬ್ಬರು ಹೊರದೇಶದಲ್ಲಿದ್ದಾರೆ. ನರ್ಸ್ ಆಗಿ ಇಂಗ್ಲೆಂಡಿಗೆ, ಕಂಪ್ಯೂಟರ್ ಕೆಲಸಕ್ಕೆ ಅಮೆರಿಕಕ್ಕೆ, ಅಂಗಡಿ ಹೋಟೆಲುಗಳ ಕೆಲಸಕ್ಕೆ ಕೊಲ್ಲಿ ದೇಶಗಳಿಗೆ. ಎರಡೋ ಮೂರೋ ವರ್ಷ ದುಡಿದು ಮರಳಿ ಬರುವವರೂ ಬಹಳ ಮಂದಿ. ಬರುವಾಗ ಸೂಟ್‌ಕೇಸ್ ತುಂಬ ಚಾಕೊಲೇಟು, ಸೆಂಟು, ಮಕ್ಕಳಿಗೆ ಆಟದ ಸಾಮಾನು. ಎಲ್ಲವನ್ನೂ ಹಂಚಿ ಮುಗಿಸಿದ ಮೇಲೆ ತಳದಲ್ಲಿ ಉಳಿಯುವುದು ಒಂದು ಕಾಗದದ ಕಟ್ಟು. ಸಂಬಳದ ಚೀಟಿ, ಕೆಲಸ ಬಿಟ್ಟಾಗ ಕೊಟ್ಟ ಪತ್ರ, ಅದು ಇದು. ಈ ಸಲ ನಾನು ಬರೆಯಹೊರಟಿರುವುದು ಆ ಕಟ್ಟಿನ ಬಗ್ಗೆಯೇ. ಅದನ್ನು ರದ್ದಿಗೆ ಹಾಕುವ ಮೊದಲು ದಯವಿಟ್ಟು ಇದನ್ನು ಓದಿ. ಅದರಲ್ಲಿ ಲಕ್ಷ ರೂಪಾಯಿ ಅಡಗಿದ್ದರೂ ಅಡಗಿರಬಹುದು!

ಹಾಲಿನ ಲೆಕ್ಕದ ಹಾಗೆ

“ತೆರಿಗೆ ಎಂದರೆ ಗಂಡಸರ ವ್ಯವಹಾರ, ನಮಗೇನು ತಿಳಿಯುತ್ತದೆ” ಎನ್ನುವವರು ನಮ್ಮಲ್ಲಿ ಅನೇಕರು. ಆದರೆ ತಿಂಗಳ ಹಾಲಿನ ಲೆಕ್ಕ ನಮಗೆ ತಿಳಿಯದೇ? ಇಡೀ ತಿಂಗಳಿಗೆಂದು ಮುಂಗಡ ಕೊಟ್ಟಿರುತ್ತೇವೆ. ನಡುವೆ ಹತ್ತು ದಿನ ತವರಿಗೆ ಹೋದೆವೆನ್ನಿ. ಬಂದ ಮೇಲೆ ಕ್ಯಾಲೆಂಡರಿನಲ್ಲಿ ಹಾಕಿದ ಗುರುತು ತೋರಿಸಿ, ಆ ಹತ್ತು ದಿನದ ದುಡ್ಡು ವಜಾ ಮಾಡಿಸಿಕೊಳ್ಳುತ್ತೇವೆ. ನಾವು ಕೇಳದಿದ್ದರೆ ಹಾಲಿನವನು ತಾನಾಗಿ ಕೊಡುತ್ತಾನೆಯೇ? ಅಪರೂಪ.

ಪರದೇಶದ ತೆರಿಗೆಯೂ ಹೆಚ್ಚುಕಡಿಮೆ ಹೀಗೇ. ಇಂಗ್ಲೆಂಡನ್ನೇ ತೆಗೆದುಕೊಳ್ಳಿ. ಅಲ್ಲಿ 1944ರಿಂದಲೂ ಸಂಬಳ ಕೈಗೆ ಬರುವ ಮೊದಲೇ ಮಾಲೀಕರು ತೆರಿಗೆ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ಪದ್ಧತಿಯಿದೆ. ವರ್ಷಕ್ಕೆ 12,570 ಪೌಂಡಿನವರೆಗಿನ ಸಂಪಾದನೆಗೆ ತೆರಿಗೆ ಇಲ್ಲ. ಅದಕ್ಕೆ ಮೇಲ್ಪಟ್ಟದ್ದಕ್ಕೆ ಸಾಮಾನ್ಯವಾಗಿ ನೂರಕ್ಕೆ 20. ಈ 12,570ನ್ನು ಹನ್ನೆರಡು ತಿಂಗಳಿಗೆ ಹಂಚಿ, ತಿಂಗಳಿಗೆ ಸುಮಾರು 1,047 ಪೌಂಡು ಬಿಟ್ಟು, ಮಿಕ್ಕಿದ್ದಕ್ಕೆ ತೆರಿಗೆ ಹಿಡಿಯುತ್ತಾರೆ. ಅಂದರೆ ನೀವು ವರ್ಷಪೂರ್ತಿ ದುಡಿಯುತ್ತೀರಿ ಎಂಬ ಅಂದಾಜಿನ ಮೇಲೆ ಹಿಡಿದದ್ದು. ನಡುವೆಯೇ ಕೆಲಸ ಬಿಟ್ಟು ಬಂದರೆ ಉಳಿದ ತಿಂಗಳುಗಳ ರಿಯಾಯಿತಿ ಬಳಕೆಯಾಗದೆ ಹಾಗೇ ಉಳಿಯುತ್ತದೆ. ಹೆಚ್ಚಾಗಿ ಹಿಡಿದ ಹಣ ನಿಮ್ಮದೇ. ಆದರೆ ಕೇಳಬೇಕು!

ಅಲ್ಲಿಯ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಆರಂಭವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಇದೇನು ವಿಚಿತ್ರ ತಾರೀಕು ಎಂದು ನಗಬೇಡಿ. 1752ರಲ್ಲಿ ಇಂಗ್ಲೆಂಡಿನವರು ತಮ್ಮ ಹಳೆಯ ಪಂಚಾಂಗ ಬಿಟ್ಟು ಹೊಸದನ್ನು ಹಿಡಿದಾಗ ಸೆಪ್ಟೆಂಬರಿನ 11 ದಿನಗಳನ್ನು ಹಾರಿಸಿಬಿಟ್ಟರು. ಅದುವರೆಗೆ ಮಾರ್ಚ್ 25ಕ್ಕೆ ಬರುತ್ತಿದ್ದ ಅವರ ಹೊಸ ವರ್ಷದ ಲೆಕ್ಕ, ಹೀಗೆ ಏಪ್ರಿಲ್‌ಗೆ ಜಾರಿ ಅಲ್ಲೇ ನಿಂತುಬಿಟ್ಟಿದೆ. ಮಡಿ ಸಂಪ್ರದಾಯ ನಮ್ಮಲ್ಲಿ ಮಾತ್ರವಲ್ಲ ನೋಡಿ!

ಅಕ್ಕನ ಮನೆಯಲ್ಲಿ ನಡೆದದ್ದು

ನನ್ನ ಅಕ್ಕನ ಮಗಳು 2022ರ ಸೆಪ್ಟೆಂಬರಿನಲ್ಲಿ ನರ್ಸ್ ಕೆಲಸಕ್ಕೆ ಇಂಗ್ಲೆಂಡಿಗೆ ಹೋದಳು. ಪರೀಕ್ಷೆ, ವೀಸಾ, ಟಿಕೆಟ್ಟು ಎಂದು ಆದ ಖರ್ಚಿಗೆ ಅಕ್ಕ ತನ್ನ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದಳು. ಭಾವನವರ ಆರೋಗ್ಯ ಕೆಟ್ಟಿತೆಂದು ಹುಡುಗಿ 2024ರ ಜುಲೈ ಕೊನೆಗೆ ಕೆಲಸ ಬಿಟ್ಟು ಬಂದಳು. ಬಡ್ಡಿ ಏರುತ್ತಿತ್ತು, ಆಸ್ಪತ್ರೆಯ ಖರ್ಚು ಬೇರೆ.

ಅವಳ ಸಂಬಳ ತಿಂಗಳಿಗೆ 2,400 ಪೌಂಡು. ರಿಯಾಯಿತಿ ಕಳೆದು ಮಿಕ್ಕಿದ್ದಕ್ಕೆ ತಿಂಗಳಿಗೆ 270 ಪೌಂಡು 50 ಪೆನ್ಸ್ ತೆರಿಗೆ ಹಿಡಿಯುತ್ತಿದ್ದರು. ಏಪ್ರಿಲ್, ಮೇ, ಜೂನ್, ಜುಲೈ ನಾಲ್ಕು ತಿಂಗಳಿಗೆ ಒಟ್ಟು 1,082 ಪೌಂಡು. ಆದರೆ ಆ ತೆರಿಗೆ ವರ್ಷದಲ್ಲಿ ಅವಳು ಅಲ್ಲಿ ದುಡಿದದ್ದೇ 9,600 ಪೌಂಡು. 12,570 ದಾಟಲೇ ಇಲ್ಲ! ಅಂದಮೇಲೆ ಅವಳು ಕೊಡಬೇಕಾದ ತೆರಿಗೆ ಸೊನ್ನೆ. ಹಿಡಿದದ್ದು ಪೂರ್ತಿ ಮರಳಬೇಕು. ನಮ್ಮ ದುಡ್ಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ.

ಭಾವನವರು, “ಸರ್ಕಾರದ ಹೊಟ್ಟೆಗೆ ಹೋದದ್ದು ಈಚೆಗೆ ಬರುವುದುಂಟೇನಮ್ಮಾ? ಸುಮ್ಮನೆ ಕೆದಕಿದರೆ ಇವಳು ಮತ್ತೆ ಹೋಗುವುದಕ್ಕೇ ಕಲ್ಲು ಬಿದ್ದೀತು” ಅಂದರು. ಈ ಹೆದರಿಕೆ ಅನೇಕರಿಗಿದೆ. ಕಾನೂನೇ ಕೊಟ್ಟ ಹಕ್ಕನ್ನು ನಿಜವಾದ ಲೆಕ್ಕ ಕೊಟ್ಟು ಕೇಳುವುದು ತಪ್ಪಲ್ಲ. ಸುಳ್ಳು ಲೆಕ್ಕ ಕೊಡುವುದು ತಪ್ಪು.

ಅಷ್ಟರಲ್ಲಿ ಮಧ್ಯವರ್ತಿಯೊಬ್ಬರು, “ನೂರಕ್ಕೆ ಮೂವತ್ತು ಕೊಡಿ, ನಾನು ತರಿಸಿಕೊಡುತ್ತೇನೆ” ಎಂದು ಬಂದರು. ಲೆಕ್ಕ ಹಾಕಿ ನೋಡಿದರೆ ಅವರ ಪಾಲೇ 324 ಪೌಂಡು! ಬ್ಯಾಂಕಿನ ಪಾಸ್‌ವರ್ಡನ್ನೂ ಕೇಳಿದರು. ಅಕ್ಕ, “ನೀನೇನಂತೀಯ?” ಅಂದಳು. “ಅರ್ಜಿಗೆ ಅಲ್ಲಿ ಕಾಸೂ ಇಲ್ಲವಂತೆ ಅಕ್ಕಾ, ಮಗಳೇ ತುಂಬಲಿ” ಅಂದೆ. ಹುಡುಗಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ನಾನು ಸಂಬಳದ ಚೀಟಿಗಳನ್ನು ತಿಂಗಳ ಪ್ರಕಾರ ಜೋಡಿಸಿ ಒಂದೊಂದೇ ಓದಿ ಹೇಳಿದೆ. ಎರಡು ಮಧ್ಯಾಹ್ನದ ಕೆಲಸ, ಅಷ್ಟೆ. ಹಣ ಬರಲು ಮೂರು ತಿಂಗಳ ಮೇಲಾಯಿತು. ಬಂದ ವಾರವೇ ಅಕ್ಕನ ಬಳೆ ಸೊಸೈಟಿಯಿಂದ ಮನೆಗೆ ಬಂತು.

ಏನೇನು ಮಾಡಬೇಕು?

ಇಂಗ್ಲೆಂಡಿನಲ್ಲಿ ಕೆಲಸ ಬಿಡುವಾಗ ಮಾಲೀಕರು ‘ಪಿ45’ ಎಂಬ ಪತ್ರ ಕೊಡುತ್ತಾರೆ. ಆ ವರ್ಷ ಎಷ್ಟು ಸಂಬಳ ಕೊಟ್ಟರು, ಎಷ್ಟು ತೆರಿಗೆ ಹಿಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಇದನ್ನು ಚಿನ್ನದ ರಶೀದಿಯ ಹಾಗೆ ಕಾಪಾಡಿ. ಕಳೆದುಹೋದರೆ ಇನ್ನೊಂದು ಪ್ರತಿ ಕೊಡುವಂತಿಲ್ಲ. ಈಗ ಅನೇಕ ಕಡೆ ಇದು, ಸಂಬಳದ ಚೀಟಿ ಎಲ್ಲ ಕಂಪ್ಯೂಟರಿನಲ್ಲೇ ಬರುತ್ತವೆ. ಕೆಲಸ ಬಿಟ್ಟ ಮೇಲೆ ಕಂಪನಿಯ ಇ-ಮೇಲ್ ಮುಚ್ಚಿಹೋಗುತ್ತದೆ. ಆದ್ದರಿಂದ ಹೊರಡುವ ಮೊದಲೇ ಎಲ್ಲವನ್ನೂ ಇಳಿಸಿಕೊಂಡು ಪ್ರಿಂಟ್ ತೆಗೆಸಿಟ್ಟುಕೊಳ್ಳಲು ಮಕ್ಕಳಿಗೆ ಹೇಳಿ.

ದೇಶ ಬಿಟ್ಟದ್ದನ್ನು ತಿಳಿಸಿ ತೆರಿಗೆ ಹಿಂದಕ್ಕೆ ಕೇಳುವ ಅರ್ಜಿಯ ಹೆಸರು ‘ಪಿ85’. ಇದನ್ನು ಅಲ್ಲಿಯ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಆನ್‌ಲೈನಿನಲ್ಲಿ ಕಳಿಸಬಹುದು, ಅಂಚೆಯಲ್ಲೂ ಕಳಿಸಬಹುದು. ಅಂಚೆಯಲ್ಲಾದರೆ ಪಿ45ರ ಎರಡು ಮತ್ತು ಮೂರನೆಯ ಭಾಗ ಜೊತೆಗಿರಬೇಕು. ಕಳಿಸುವ ಮೊದಲು ಎಲ್ಲದರ ಜೆರಾಕ್ಸ್ ಮಾಡಿಸಿಕೊಳ್ಳಿ. ಅಲ್ಲಿ ತಾವೇ ವರ್ಷದ ರಿಟರ್ನ್ ತುಂಬಬೇಕಾದವರಿಗೆ ಮಾತ್ರ ಈ ಅರ್ಜಿಯಲ್ಲ, ಆ ರಿಟರ್ನಿನಲ್ಲೇ ಕೇಳಬೇಕು.

ಅಲ್ಲಿಯ ಬ್ಯಾಂಕ್ ಖಾತೆಯನ್ನು ಹಣ ಬರುವವರೆಗೂ ಮುಚ್ಚಬೇಡಿ. ಪೌಂಡಿನ ಚೆಕ್ಕು ಹಿಡಿದುಕೊಂಡು ನಮ್ಮೂರಿನ ಬ್ಯಾಂಕಿಗೆ ಅಲೆಯುವುದು ಯಾರಿಗೂ ಬೇಡ.

ಗಡುವು ಮರೆಯಬೇಡಿ. ತೆರಿಗೆ ವರ್ಷ ಮುಗಿದ ಮೇಲೆ ನಾಲ್ಕು ವರ್ಷದೊಳಗೆ ಕೇಳಬೇಕು. 2024–25ರ ಹಣವಾದರೆ 2029ರ ಏಪ್ರಿಲ್ 5 ಕೊನೆಯ ದಿನ. ಅದು ದಾಟಿದರೆ ಸರ್ಕಾರಕ್ಕೇ ಅರ್ಪಣೆ!

ಹೋದ ಮೊದಲ ವರ್ಷದ ಚೀಟಿಗಳನ್ನೂ ಒಮ್ಮೆ ನೋಡಿ. ಟ್ಯಾಕ್ಸ್ ಕೋಡ್ ಎಂಬಲ್ಲಿ ಸಾಮಾನ್ಯವಾಗಿ ‘1257ಎಲ್’ ಎಂದಿರುತ್ತದೆ. ಅದರ ಪಕ್ಕದಲ್ಲಿ ‘ಎಂ1’ ಅಥವಾ ‘ಡಬ್ಲ್ಯು1’ ಎಂದಿದ್ದರೆ ಆ ತಿಂಗಳು ತಾತ್ಕಾಲಿಕ ಲೆಕ್ಕದಲ್ಲಿ ತೆರಿಗೆ ಹಿಡಿದಿದ್ದಾರೆ, ಹೆಚ್ಚಾಗಿ ಹೋಗಿರುವ ಸಂಭವವಿದೆ ಎಂದು ಅರ್ಥ.

ಒಂದು ನಿರಾಶೆಯ ಮಾತನ್ನೂ ಹೇಳಿಬಿಡುತ್ತೇನೆ. ಸಂಬಳದ ಚೀಟಿಯಲ್ಲಿ ‘ನ್ಯಾಷನಲ್ ಇನ್ಶೂರೆನ್ಸ್’ ಎಂದು ಇನ್ನೊಂದು ಕಡಿತ ಇರುತ್ತದೆ. ಸರಿಯಾಗಿ ಹಿಡಿದದ್ದಾದರೆ ಊರಿಗೆ ಬಂದೆವೆಂದು ಅದು ಮರಳಿ ಬರುವುದಿಲ್ಲ. ಎಲ್ಲವನ್ನೂ ತರಿಸಿಕೊಡುತ್ತೇನೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಹಾಗೆಯೇ “ನಿಮಗೆ ತೆರಿಗೆ ವಾಪಸು ಬಂದಿದೆ, ಇಲ್ಲಿ ಒತ್ತಿ” ಎಂದು ಫೋನಿಗೆ ಬರುವ ಸಂದೇಶವನ್ನು ಮುಟ್ಟಲೇಬೇಡಿ. ಆ ಇಲಾಖೆ ಹಾಗೆ ಸಂದೇಶ ಕಳಿಸಿ ಬ್ಯಾಂಕಿನ ವಿವರ ಕೇಳುವುದಿಲ್ಲ.

ಬೇರೆ ದೇಶಗಳಿಂದ ಬಂದವರಿಗೆ

ಅಮೆರಿಕದಲ್ಲಿ ಮಾಲೀಕರು ಕೊಡುವ ಪತ್ರದ ಹೆಸರು ‘ಡಬ್ಲ್ಯು-2’. ಅಲ್ಲಿ ರಿಟರ್ನ್ ತುಂಬಿಯೇ ಹೆಚ್ಚುವರಿ ತೆರಿಗೆ ಕೇಳಬೇಕು, ಸಾಮಾನ್ಯವಾಗಿ ಮೂರು ವರ್ಷದೊಳಗೆ. ಓದಲು ಹೋಗಿ, ನಿಯಮದೊಳಗೆ ಕೆಲಸವನ್ನೂ ಮಾಡಿದ ಮಕ್ಕಳಿಗೆ ಮೊದಲ ಐದು ವರ್ಷ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂಬ ಕಡಿತ ಇರಕೂಡದು. ನೂರಕ್ಕೆ 7.65ರಂತೆ ಹಿಡಿದಿದ್ದರೆ ಮೊದಲು ಮಾಲೀಕರನ್ನೇ ಕೇಳಿ, ಅವರು ಕೊಡದಿದ್ದರೆ ತೆರಿಗೆ ಇಲಾಖೆಗೆ ಅರ್ಜಿ ಹಾಕಬಹುದು.

ಆಸ್ಟ್ರೇಲಿಯಾದಲ್ಲಿ ತೆರಿಗೆ ವರ್ಷ ಜುಲೈ 1ರಿಂದ ಜೂನ್ 30. ಅಲ್ಲಿ ಮಾಲೀಕರು ಸಂಬಳದ ಜೊತೆಗೆ ‘ಸೂಪರ್’ ಎಂಬ ನಿವೃತ್ತಿ ನಿಧಿಗೂ ಹಣ ಕಟ್ಟುತ್ತಾರೆ. ತಾತ್ಕಾಲಿಕ ವೀಸಾದಲ್ಲಿದ್ದವರು ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಅದನ್ನು ಕೇಳಿ ಪಡೆಯಬಹುದು. ನೂರಕ್ಕೆ 35ರಷ್ಟು ತೆರಿಗೆ ಮುರಿದುಕೊಳ್ಳುತ್ತಾರೆ, ರಜೆಯ ಜೊತೆ ಕೆಲಸ ಮಾಡುವ ವೀಸಾದವರಿಗಾದರೆ 65. ಆದರೂ ಬಿಡಬೇಡಿ.

ನಮ್ಮ ಕರಾವಳಿಯ ಸೋದರಿಯರು “ಕೊಲ್ಲಿಯದ್ದು ಹೇಗೆ?” ಎಂದು ಕೇಳಬಹುದು. ಸೌದಿ, ಕುವೈತ್, ಯುಎಇಗಳಲ್ಲಿ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಮರಳಿ ಬರುವುದೂ ಇಲ್ಲ. ಅಲ್ಲಿ ಕೇಳಬೇಕಾದದ್ದು ಕೆಲಸ ಬಿಡುವಾಗಿನ ಗ್ರಾಚ್ಯುಟಿ. ಯುಎಇಯಲ್ಲಿ ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನದ ಮೂಲ ವೇತನ ಸಲ್ಲಬೇಕು.

ನಮ್ಮ ದೇಶದ ಲೆಕ್ಕವೂ ಉಂಟು

ಅಲ್ಲಿಯ ಹಣ ಬಂತೆಂದು ಕೈತೊಳೆದುಕೊಂಡರೆ ಆಗಲಿಲ್ಲ. ನಮ್ಮ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನವೋ ಹೆಚ್ಚೋ ಭಾರತದಲ್ಲಿದ್ದವರು ತೆರಿಗೆಯ ಮಟ್ಟಿಗೆ ಇಲ್ಲಿಯ ನಿವಾಸಿಗಳು. ಎರಡೇ ವರ್ಷ ಹೊರಗಿದ್ದು ಬಂದವರಾದರೆ, ಅದೇ ವರ್ಷದ ಆರಂಭದಲ್ಲಿ ಹೊರದೇಶದಲ್ಲಿ ದುಡಿದದ್ದನ್ನೂ ಇಲ್ಲಿಯ ರಿಟರ್ನಿನಲ್ಲಿ ತೋರಿಸಬೇಕಾಗುತ್ತದೆ. ಅಲ್ಲಿ ಉಳಿಸಿಕೊಂಡ ಬ್ಯಾಂಕ್ ಖಾತೆಯ ವಿವರವನ್ನೂ ಕೊಡಬೇಕು. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಿರಲೆಂದು ಭಾರತಕ್ಕೂ ಇಂಗ್ಲೆಂಡಿಗೂ 1993ರ ಒಪ್ಪಂದವಿದೆ. ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ವಜಾ ಕೇಳಬಹುದು. ಆದರೆ ಅಲ್ಲಿಂದ ವಾಪಸು ಪಡೆದ ಹಣಕ್ಕೆ ಇಲ್ಲಿ ವಜಾ ಕೇಳುವಂತಿಲ್ಲ. ಒಂದೇ ತೆಂಗಿನಕಾಯಿಯನ್ನು ಎರಡು ದೇವರಿಗೆ ಒಡೆಯಲಾದೀತೇ? ಆದ್ದರಿಂದ ಬಂದ ಹಣವನ್ನೆಲ್ಲ ಖರ್ಚು ಮಾಡುವ ಮೊದಲು ಎರಡೂ ದೇಶದ ಕಾಗದಗಳನ್ನು ಒಟ್ಟಿಗೆ ಹಿಡಿದು ಆಡಿಟರನ್ನು ಕಾಣಿ. ಇಲ್ಲಿ ಕಟ್ಟಬೇಕಾದದ್ದು ಏನಾದರೂ ಇದ್ದರೆ ಅಷ್ಟನ್ನು ಎತ್ತಿಡಿ.

ಬೀರುವಿನಲ್ಲಿರಬೇಕಾದ ಫೈಲು

ಒಂದು ದಪ್ಪ ಫೈಲು ತಂದು ಇವನ್ನು ಹಾಕಿಡಿ:

1. ಎಲ್ಲ ತಿಂಗಳ ಸಂಬಳದ ಚೀಟಿ, ತಿಂಗಳ ಪ್ರಕಾರ ಜೋಡಿಸಿದ್ದು.
2. ಪಿ45, ಮತ್ತು ಪ್ರತಿ ವರ್ಷದ ಕೊನೆಗೆ ಕೊಡುವ ಪಿ60. ಬೇರೆ ದೇಶವಾದರೆ ಅಲ್ಲಿಯ ಅಂಥ ಪತ್ರ.
3. ಅಲ್ಲಿಯ ನ್ಯಾಷನಲ್ ಇನ್ಶೂರೆನ್ಸ್ ನಂಬರು.
4. ಪಾಸ್‌ಪೋರ್ಟಿನಲ್ಲಿ ಹೋದ, ಬಂದ ಮೊಹರು ಬಿದ್ದ ಪುಟಗಳ ಜೆರಾಕ್ಸ್, ವಿಮಾನದ ಟಿಕೆಟ್ಟು.
5. ಅಲ್ಲಿಯ ಬ್ಯಾಂಕಿನ ಸ್ಟೇಟ್‌ಮೆಂಟು.
6. ಕಳಿಸಿದ ಅರ್ಜಿಯ ಪ್ರತಿ, ಕಳಿಸಿದ ತಾರೀಕು.

ಫೈಲಿನ ಮೇಲೆ ಗಡುವಿನ ತಾರೀಕನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮದುವೆಯ ಸೀರೆಯ ರಶೀದಿಯನ್ನು ಇಪ್ಪತ್ತು ವರ್ಷ ಜೋಪಾನ ಮಾಡುವ ನಮಗೆ ಇದೇನು ಮಹಾ? ಚಳಿಯಲ್ಲಿ, ಮಂಜಿನಲ್ಲಿ ರಾತ್ರಿ ಪಾಳಿ ಮಾಡಿ ಮಕ್ಕಳು ದುಡಿದ ಹಣ ಅದು. ಅವರಿಗೆ ಬಂದ ಕೂಡಲೇ ಹೊಸ ಕೆಲಸ ಹುಡುಕುವ ಚಿಂತೆ. ಕಾಗದದ ನೆನಪು ಎಲ್ಲಿರುತ್ತದೆ? ನೆನಪಿಸುವ ಕೆಲಸ ನಮ್ಮದಾಗಲಿ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೀಗೆ ಮರಳಿ ಬಂದವರಿದ್ದರೆ ಇವತ್ತೇ ಒಂದು ಮಾತು ಕೇಳಿ: “ನಿನ್ನ ಪಿ45 ಎಲ್ಲಿಟ್ಟಿದ್ದೀಯಪ್ಪಾ?” ಉತ್ತರ ಸಿಕ್ಕುವವರೆಗೂ ಬಿಡಬೇಡಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.