ಉಪ್ಪು ಹಾಕ್ಕೊಂಡು ಕುಡೀರಿ, ಸರಿಹೋಗುತ್ತೆ!

ಕೀಟೋ ಶುರು ಮಾಡಿ ಎರಡು ವರ್ಷ ಆಯ್ತು, ಆದರೂ ಮಧ್ಯಾಹ್ನ ಮೂರು ಗಂಟೆಗೆಲ್ಲ ಕಣ್ಣು ಎಳೆಯುತ್ತೆ, ಮೆಟ್ರೋ ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತೆ ಅಂತ ಯಾರಾದರೂ ಬಾಯಿಬಿಟ್ಟು ಹೇಳಿ ನೋಡಲಿ. ಸುತ್ತಲಿರುವ ಕೀಟೋ ಭಕ್ತರು ಏನೇನು ಹೇಳ್ತಾರೆ ಅನ್ನೋದು ನನಗೆ ಬಾಯಿಪಾಠ ಆಗಿಬಿಟ್ಟಿದೆ. ಉಪ್ಪು ಸಾಲದು. ತುಪ್ಪ ಸಾಲದು. ಗೊತ್ತಿಲ್ಲದೆ ಏನೋ ಕಾರ್ಬ್ ತಿಂದಿದ್ದೀರಿ. ಬಾಡಿ ಇನ್ನೂ ಅಡಾಪ್ಟ್ ಆಗಿಲ್ಲ. ಇಷ್ಟಕ್ಕೂ ಜಗ್ಗದಿದ್ದರೆ ಕೊನೆಯ ಅಸ್ತ್ರ: ತರಕಾರೀನೂ ಬಿಟ್ಟು ಕಾರ್ನಿವೋರ್‌ಗೆ ಬನ್ನಿ, ಬರೀ ಮಾಂಸ, ಮೊಟ್ಟೆ, ಬೆಣ್ಣೆ. 'ಈ ಊಟ ನಿಮ್ಮ ಮೈಗೆ ಒಗ್ಗುತ್ತಿಲ್ಲವೇನೋ' ಅನ್ನೋ ಒಂದು ಮಾತು ಮಾತ್ರ ಆ ಪಟ್ಟಿಯಲ್ಲಿ ಇರೋದೇ ಇಲ್ಲ.

ಇದನ್ನೆಲ್ಲ ನಂಬೋರು ಯಾರು? ದಿನಾ ಬಗ್ ಹುಡುಕಿ ಹೊಟ್ಟೆ ಹೊರೆಯೋ ನಾವೇ. ಒಬ್ಬ ಕಸ್ಟಮರ್ ಎರಡು ವರ್ಷ ಒಂದೇ ದೂರು ಕಳಿಸ್ತಾ ಇದ್ದು, ನಾವು ಪ್ರತಿ ಸಲ 'ಯೂಸರ್ ಎರರ್' ಅಂತ ಬರೆದು ಟಿಕೆಟ್ ಕ್ಲೋಸ್ ಮಾಡಿದರೆ ಮ್ಯಾನೇಜರ್ ಬಿಡ್ತಾರಾ? ಲಾಗ್ ತೆಗೆದು ನೋಡ್ರಪ್ಪ ಅಂತಾರೆ. ನಮ್ಮದೇ ಮೈ ಕಳಿಸೋ ದೂರಿಗೆ ಮಾತ್ರ ಲಾಗ್ ನೋಡೋ ಪದ್ಧತಿ ಇಲ್ಲ. ಡಯಟ್ ಗೆದ್ದರೆ ಡಯಟ್‌ಗೆ ಜೈ, ಸೋತರೆ ತಿಂದವನದ್ದೇ ತಪ್ಪು. ಇಂಥ ವಾದವನ್ನು ಯಾವ ಪುರಾವೆಯಿಂದಲೂ ಸೋಲಿಸೋಕೆ ಆಗಲ್ಲ. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು.

ಕೀಟೋದಿಂದ ತೂಕ ಇಳಿಯೋದು, ಶುಗರ್ ಹತೋಟಿಗೆ ಬರೋದು ಸುಳ್ಳಲ್ಲ. ಎಷ್ಟೋ ಜನಕ್ಕೆ ಆಗಿದೆ, ಒಳ್ಳೆಯದೇ. ಆದರೆ ಈ ಊಟ ಹುಟ್ಟಿದ್ದು ಎಲ್ಲಿ ಅಂತ ಸ್ವಲ್ಪ ನೋಡಿ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅನ್ನೋ ವೈದ್ಯರು ಇದನ್ನು ಸೂಚಿಸಿದ್ದು ಮೂರ್ಛೆರೋಗಕ್ಕೆ. ಇವತ್ತಿಗೂ ಔಷಧಿಗೆ ಬಗ್ಗದ ಮೂರ್ಛೆ ಇರುವ ಮಕ್ಕಳಿಗೆ ಇದನ್ನು ಕೊಡ್ತಾರೆ. ಹೇಗೆ ಕೊಡ್ತಾರೆ? ನರರೋಗ ತಜ್ಞರು, ಡಯಟೀಶಿಯನ್ ಇಬ್ಬರೂ ಜೊತೆಗಿದ್ದು, ವಿಟಮಿನ್, ಕ್ಯಾಲ್ಶಿಯಂ ಮೇಲಿಂದ ಕೊಟ್ಟು, ಆಗಾಗ ರಕ್ತ ಪರೀಕ್ಷೆ ಮಾಡಿ, ಕಿಡ್ನಿಯಲ್ಲಿ ಕಲ್ಲಾಗ್ತಿದೆಯಾ, ಮಗು ಸರಿಯಾಗಿ ಬೆಳೀತಿದೆಯಾ ಅಂತ ಕಣ್ಣಿಟ್ಟು ಕೊಡ್ತಾರೆ. ಅಂದರೆ ಇದರಲ್ಲಿ ಏನೇನು ಕಮ್ಮಿ ಬೀಳುತ್ತೆ ಅನ್ನೋದು ವೈದ್ಯರಿಗೆ ಮೊದಲಿಂದ ಗೊತ್ತು. ನಮ್ಮ ಬೆಂಗಳೂರಿನ ಕೋಚ್‌ಗಳು ಮೆನು ಮಾತ್ರ ಎತ್ತಿಕೊಂಡು ಬಂದರು, ಪರೀಕ್ಷೆಗಳನ್ನು ಅಲ್ಲೇ ಬಿಟ್ಟು ಬಂದರು.

ಉಪ್ಪಿನ ಮಾತಲ್ಲಿ ಹುರುಳಿದೆ, ಒಪ್ಪೋಣ. ಕಾರ್ಬ್ ಬಿಟ್ಟಾಗ ಇನ್ಸುಲಿನ್ ಇಳಿಯುತ್ತೆ, ಆಗ ಕಿಡ್ನಿ ಸೋಡಿಯಂ ಹೊರಹಾಕುತ್ತೆ, ಜೊತೆಗೆ ನೀರೂ ಹೋಗುತ್ತೆ. ಮೊದಲ ವಾರದಲ್ಲಿ ತೂಕ ದಬದಬ ಅಂತ ಇಳಿಯೋದರ ಗುಟ್ಟು ಬಹುಪಾಲು ಇದೇ. ತಲೆನೋವು, ತಲೆಸುತ್ತು, ಸುಸ್ತು ಆಗ ಬರುತ್ತೆ, ಉಪ್ಪು ನೀರು ಕುಡಿದರೆ ಕಮ್ಮಿ ಆಗುತ್ತೆ. ಆದರೆ ಅದು ಮೊದಮೊದಲ ದಿನಗಳ ಕತೆ ಸ್ವಾಮಿ. ಎರಡನೇ ವರ್ಷದ ಸುಸ್ತಿಗೂ ಅದೇ ಉಪ್ಪಿನ ಲೋಟ ಹಿಡಿಸಿದರೆ ಹೇಗೆ? ಅದೂ ಬಿ.ಪಿ. ಎಷ್ಟಿದೆ ಅಂತ ಒಂದು ಮಾತು ಕೇಳದೆ?

ಇನ್ನು ಅಡಾಪ್ಟೇಶನ್. ಈ ಪದಕ್ಕೆ ಕೀಟೋ ಲೋಕದಲ್ಲಿ ಆಧಾರವಾಗಿ ತೋರಿಸೋದು ಸ್ಟೀಫನ್ ಫಿನ್ನಿ ಅವರ 1983ರ ಅಧ್ಯಯನ. ಅದರಲ್ಲಿ ಇದ್ದದ್ದು ಐದೇ ಜನ ಸೈಕಲ್ ಪಟುಗಳು, ನಾಲ್ಕೇ ವಾರ. ಸರಾಸರಿ ನೋಡಿದರೆ ಅವರ ತಾಳಿಕೆ ಕುಗ್ಗಲಿಲ್ಲ ಅನ್ನೋದು ನಿಜ. ಆದರೆ ಆ ಸರಾಸರಿಯ ಒಳಗೆ ಒಬ್ಬನದ್ದು ಜೋರಾಗಿ ಏರಿತ್ತು, ಕೆಲವರದ್ದು ಇಳಿದಿತ್ತು. ಎಲ್ಲರ ಮೈಯೂ ಒಂದೇ ಥರ ಅಲ್ಲ ಅಂತ ಅವತ್ತೇ ಕಂಡಿತ್ತು. 2017ರಲ್ಲಿ ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ಅವರ ತಂಡ ವಿಶ್ವಮಟ್ಟದ ನಡಿಗೆ ಸ್ಪರ್ಧಿಗಳ ಮೇಲೆ ಪರೀಕ್ಷೆ ಮಾಡಿತು. ಕೀಟೋ ಗುಂಪಿನವರು ಕೊಬ್ಬನ್ನು ಚೆನ್ನಾಗೇ ಉರಿಸಿದರು, ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕಾಯ್ತು. ಕಾರ್ಬ್ ತಿಂದವರ ಸ್ಪರ್ಧೆಯ ಸಮಯ ಸುಧಾರಿಸಿತು, ಇವರದ್ದು ಸುಧಾರಿಸಲಿಲ್ಲ. ಅದು ಬರೀ ಮೂರು ವಾರ, ಸಾಲದು ಅಂದರು ಕೀಟೋದವರು. ಸರಿ, ಹಾಗಾದರೆ ನಿಮ್ಮದು ನಾಲ್ಕು ವಾರ. ನಾಲ್ಕು ವಾರಕ್ಕೆ ಒಗ್ಗುತ್ತೆ ಅಂತ ತೋರಿಸಿ, ಎರಡು ವರ್ಷ ಆದರೂ ಒಗ್ಗದವನಿಗೆ 'ಇನ್ನೂ ಕಾಯಿ' ಅನ್ನೋದು ಯಾವ ನ್ಯಾಯ?

ನಮ್ಮ ಟೀಮಲ್ಲೇ ಒಬ್ಬನಿದ್ದಾನೆ, ಶುದ್ಧ ಸಸ್ಯಾಹಾರಿ. ಪನೀರು, ಚೀಸು, ತುಪ್ಪ, ಬಾದಾಮಿ, ತೆಂಗಿನೆಣ್ಣೆ ಹಾಕಿದ ಕಾಫಿ. ಹದಿನೆಂಟು ಕಿಲೋ ಇಳಿಸಿದ, ಹೊಸ ಪ್ಯಾಂಟು ತಗೊಂಡ, ಎಲ್ಲರೂ ಶಭಾಷ್ ಅಂದೆವು. ವರ್ಷ ಕಳೆಯೋ ಹೊತ್ತಿಗೆ ಬೇಸ್‌ಮೆಂಟಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ಸ್ಟೀರಿಂಗ್ ಮೇಲೆ ತಲೆ ಇಟ್ಟು ಆಮೇಲೆ ಲಿಫ್ಟ್ ಹತ್ತೋ ಹಾಗಾಯ್ತು. ಕೋಚ್ ಕೊಟ್ಟ ಪರಿಹಾರ: ತುಪ್ಪ ಇನ್ನೆರಡು ಚಮಚ. ನಾನು ಎರಡು ತಿಂಗಳು ಬೆನ್ನು ಹತ್ತಿ ರಕ್ತ ಪರೀಕ್ಷೆ ಮಾಡಿಸಿದೆ. ಫೆರಿಟಿನ್ ತಳ ಹಿಡಿದಿತ್ತು, ಬಿ12 ಅದಕ್ಕಿಂತ ಕಡೆ. ಇದರಲ್ಲಿ ಆಶ್ಚರ್ಯ ಏನಿದೆ? ಪನೀರಲ್ಲಿ ಕಬ್ಬಿಣ ಇಲ್ಲ ಅಂತಲೇ ಹೇಳಬಹುದು, ಅದರ ಕ್ಯಾಲ್ಶಿಯಂ ಬೇರೆ ಊಟದ ಕಬ್ಬಿಣ ಹೀರಿಕೊಳ್ಳೋದಕ್ಕೂ ಅಡ್ಡ ಬರುತ್ತೆ. ರಾಗಿ, ಹುರುಳಿ, ಕಡಲೆ, ಅವರೆ, ತೊಗರಿ ಎಲ್ಲವನ್ನೂ 'ಕಾರ್ಬ್' ಅಂತ ಒಂದೇ ಹಣೆಪಟ್ಟಿ ಹಚ್ಚಿ ಹೊರಗೆ ಹಾಕಿದರೆ ಅವುಗಳ ಜೊತೆ ಕಬ್ಬಿಣ, ಮೆಗ್ನೀಶಿಯಂ, ಫೋಲೇಟ್ ಕೂಡ ಹೊರಗೆ ಹೋಗುತ್ತೆ. ಹುರುಳಿಕಾಳಿಗೂ ಗುಲಾಬ್ ಜಾಮೂನಿಗೂ ಒಂದೇ ಹೆಸರಿಟ್ಟವನು ಯಾವತ್ತೂ ಅಡುಗೆಮನೆ ಕಂಡಿರಲಿಕ್ಕಿಲ್ಲ.

ಇಲ್ಲಿಗೆ 'ಅದಕ್ಕೇ ಹೇಳೋದು, ನಮ್ಮಜ್ಜಿ ಹಿಟ್ಟು ಉಂಡು ನೂರು ವರ್ಷ ಬದುಕಿದಳು' ಅಂತ ಶುರು ಮಾಡಬೇಡಿ. ನಾನು ಹಳ್ಳಿಯಲ್ಲೇ ಹುಟ್ಟಿ ಬೆಳೆದವನು. ಹಿಟ್ಟು ಉಂಡವರಲ್ಲೂ ಈಗ ಬೀದಿಗೆ ನಾಲ್ಕು ಜನ ಶುಗರಿನ ಮಾತ್ರೆ ನುಂಗ್ತಾ ಇದ್ದಾರೆ. ಅಜ್ಜಿ ಹಿಟ್ಟು ಉಂಡು ದಿನವೆಲ್ಲ ಹೊಲದಲ್ಲಿ ಬಗ್ಗಿ ದುಡೀತಿದ್ದಳು, ನಾವು ಹಿಟ್ಟು ಉಂಡು ಸ್ಟ್ಯಾಂಡಪ್ ಮೀಟಿಂಗಲ್ಲೂ ಕೂತೇ ಇರ್ತೀವಿ.

ಹಳ್ಳಿ ವಿಷಯ ಬಂತಲ್ಲ, ಕಾರ್ನಿವೋರ್ ಬಗ್ಗೆ ಒಂದು ಮಾತು. ನಮ್ಮ ಕಡೆ ಯುಗಾದಿ ಮಾರನೇ ದಿನ ಹೊಸತೊಡಕಿಗೆ ಗುಡ್ಡೆಬಾಡು ಹಾಕ್ತಾರೆ. ಹತ್ತಾರು ಮನೆಯವರು ಸೇರಿ ಮರಿ ಕಡಿದು ಎಲೆ ಮೇಲೆ ಗುಡ್ಡೆ ಪಾಲು ಮಾಡೋದು. ಪ್ರತಿ ಗುಡ್ಡೆಯಲ್ಲೂ ಒಂದಷ್ಟು ಲಿವರ್, ಬೋಟಿ, ಮೂಳೆ, ಕೊಬ್ಬು ಇರಲೇಬೇಕು, ಇಲ್ಲಾಂದ್ರೆ ಜಗಳವೇ ಆಗುತ್ತೆ. ಇಷ್ಟು ಬಾಡು ತಿನ್ನೋ ಜನ ಕೂಡ ಹಿಟ್ಟಿಲ್ಲದೆ ಬಾಡು ಉಂಡದ್ದನ್ನು ನಾನು ಕಂಡಿಲ್ಲ. ಬೆಂಗಳೂರಿನ ಕಾರ್ನಿವೋರ್ ತಿನ್ನೋದು ಏನು? ಆ್ಯಪಲ್ಲಿ ತರಿಸಿದ ಬೋನ್‌ಲೆಸ್ ಚಿಕನ್ ಬ್ರೆಸ್ಟು, ಮೊಟ್ಟೆಯ ಬಿಳಿಭಾಗ. ವಿಲ್ಯಾಲ್ಮರ್ ಸ್ಟೆಫಾನ್ಸನ್ ಅನ್ನೋ ಆರ್ಕ್ಟಿಕ್ ಅನ್ವೇಷಕನ ಹೆಸರನ್ನು ಇವರು ದೇವರ ಥರ ಹೇಳ್ತಾರೆ. 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ನಿಗಾದಲ್ಲಿ ಆತ ಶುರು ಮಾಡಿ ಒಂದು ವರ್ಷ ಬರೀ ಮಾಂಸ ತಿಂದಿದ್ದು ನಿಜ. ಆದರೆ ಶುರುವಿನಲ್ಲಿ ವೈದ್ಯರು ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಎರಡು ಮೂರು ದಿನಕ್ಕೇ ಆತ ಹೊಟ್ಟೆ ಕೆಟ್ಟು ಮಲಗಿದ. ಕೊಬ್ಬು ಸೇರಿಸಿದ ಮೇಲೆ ಸರಿಹೋದ. ಮುಂದೆ ತಿಂದದ್ದರಲ್ಲಿ ಲಿವರ್, ಕಿಡ್ನಿ, ಮಿದುಳು, ಮೂಳೆಯ ಮಜ್ಜೆ ಎಲ್ಲ ಇತ್ತು. ಇನ್ನೊಂದು ವಿಷಯ: ಇನ್ಯೂಟ್ ಜನ ತಲೆತಲಾಂತರದಿಂದ ಮಾಂಸದ ಮೇಲೆ ಬದುಕಿದರು ಅಂತ ಉದಾಹರಣೆ ಕೊಡ್ತಾರಲ್ಲ, ಆ ಜನರಲ್ಲಿ ಬಹುಪಾಲಿನವರಿಗೆ ಸಿಪಿಟಿ1ಎ ಅನ್ನೋ ಜೀನ್‌ನ ಬೇರೆ ರೂಪ ಇದೆ. ಅದರಿಂದ ಅವರ ಮೈಯಲ್ಲಿ ಕೀಟೋನ್ ತಯಾರಾಗೋದೇ ಕಮ್ಮಿ. ಅವರನ್ನು ತೋರಿಸಿ ತುಮಕೂರಿನವನಿಗೆ ಕೀಟೋಸಿಸ್ ಮಾರೋದು ಧೈರ್ಯದ ಕೆಲಸವೇ ಸರಿ.

ಸುಸ್ತಿಗೆ ಕಾರಣ ಹತ್ತಿರಬಹುದು. ಹಸಿವು ಸತ್ತು ಊಟವೇ ಕಮ್ಮಿ ಆಗಿರಬಹುದು. ರಕ್ತಹೀನತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟೋದು, ಡಿಪ್ರೆಶನ್ ಯಾವುದೂ ಆಗಬಹುದು. ಕಾರ್ಬ್ ತೀರಾ ಇಳಿಸಿದಾಗ ರಕ್ತದ ಟಿ3 ಮಟ್ಟ ಇಳಿಯುತ್ತೆ ಅನ್ನೋದೂ ಗೊತ್ತಿರೋ ವಿಷಯ. ಪರೀಕ್ಷೆ ಮಾಡಿಸಿದರೆ ಮಾತ್ರ ತಿಳಿಯುತ್ತೆ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಒಂದು ತಿಂಗಳು ಅನ್ನವೋ ಹಿಟ್ಟೋ ತಿಂದು ನೋಡೋಕೆ ಏನು ಕಷ್ಟ? ಕೋಡಲ್ಲಿ ಅನುಮಾನ ಬಂದ ಬದಲಾವಣೆಯನ್ನು ರೋಲ್‌ಬ್ಯಾಕ್ ಮಾಡಿ ನೋಡಲ್ವಾ? ಅದು ಸೋಲಲ್ಲ.

ಇಷ್ಟೆಲ್ಲ ಬಾಯಿ ಮಾಡೋದಕ್ಕೆ ಕಾರಣ ನನ್ನ ಸಹೋದ್ಯೋಗಿಯ ಪ್ಯಾಂಟಿನ ಅಳತೆ ಅಲ್ಲ. ನಮ್ಮ ವಯಸ್ಸಿನವರು ಈಗ ಈ ಪ್ಲಾನನ್ನು ಊರಲ್ಲಿರೋ ಅಪ್ಪ ಅಮ್ಮನಿಗೂ ಫಾರ್ವರ್ಡ್ ಮಾಡ್ತಿದ್ದಾರೆ, ಶುಗರ್ ವಾಸಿ ಆಗುತ್ತೆ ಅಂತ. ಅಪ್ಪ ಇನ್ಸುಲಿನ್ ತಗೊಳ್ತಿದ್ದರೆ, ಇಲ್ಲಾ ಗ್ಲಿಮಿಪಿರೈಡ್ ಥರದ ಮಾತ್ರೆ ನುಂಗ್ತಿದ್ದರೆ, ಡೋಸ್ ಇಳಿಸದೆ ಕಾರ್ಬ್ ನಿಲ್ಲಿಸಿದಾಗ ಶುಗರ್ ಪಾತಾಳಕ್ಕೆ ಇಳಿಯಬಹುದು. ಅದೂ ಮೊದಲು ಕಾಣೋದು ಸುಸ್ತು, ಬೆವರು ಆಗಿಯೇ. ಇನ್ನೊಂದು ಮಾತ್ರೆ ಇದೆ, ಡಾಪಾಗ್ಲಿಫ್ಲೋಜಿನ್. ಪೇಟೆಂಟ್ ಮುಗಿದ ಮೇಲೆ ಅಗ್ಗವಾಗಿ ಸಣ್ಣ ಊರಿನ ಮೆಡಿಕಲ್ ಶಾಪಲ್ಲೂ ಸಿಗುತ್ತೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಔಷಧಿ ಅದು. ಅದನ್ನು ತಗೊಳ್ತಾ ಕೀಟೋ ಮಾಡಿದರೆ ರಕ್ತದಲ್ಲಿ ಆಮ್ಲ ಏರಿ ಕೀಟೋಆಸಿಡೋಸಿಸ್ ಆಗುವ ಅಪಾಯ ಇದೆ, ಜೀವಕ್ಕೇ ಕುತ್ತು. ಅದರ ಲಕ್ಷಣ ಕೂಡ ಸುಸ್ತು, ವಾಕರಿಕೆ, ಹೊಟ್ಟೆನೋವು, ಏದುಸಿರು. ಅಂಥವರಿಗೆ 'ಅಡಾಪ್ಟ್ ಆಗ್ತಿದ್ದೀರಿ, ಉಪ್ಪು ನೀರು ಕುಡಿದು ಮಲಗಿ' ಅಂತ ಮೆಸೇಜ್ ಹಾಕೋ ಕೋಚ್, ದುಡ್ಡು ತಗೊಳ್ಳೋ ಮೊದಲು ಯಾವ ಮಾತ್ರೆ ನುಂಗ್ತೀರಿ ಅಂತ ಕೇಳಿದ್ದನಾ?

ಮನೆಯಲ್ಲಿ ಯಾರಿಗಾದರೂ ಹೀಗಾದರೆ ಕಾಯಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮಾತ್ರೆಯ ಶೀಟು ಜೇಬಲ್ಲಿರಲಿ. ಒಳಗೆ ಹೋಗ್ತಿದ್ದ ಹಾಗೇ 'ಇವರು ಕೀಟೋ ಮಾಡ್ತಿದ್ದಾರೆ, ಈ ಮಾತ್ರೆ ತಗೊಳ್ತಿದ್ದಾರೆ' ಅಂತ ಹೇಳಿ. ಗ್ಲುಕೋಮೀಟರಲ್ಲಿ ಶುಗರ್ ಅಷ್ಟೇನೂ ಜಾಸ್ತಿ ತೋರಿಸದೆ ಇರೋದರಿಂದ, ನೀವು ಹೇಳದಿದ್ದರೆ ಡ್ಯೂಟಿ ಡಾಕ್ಟರಿಗೂ ಅದು ಹೊಳೆಯೋದು ತಡ ಆಗಬಹುದು.