ವಯಸ್ಸು ತಿಳಿದರೆ ಸಾಕು, ದಾಖಲೆ ಬೇಡ

18 ವರ್ಷದೊಳಗಿನವರ ಮಾಹಿತಿ ಬಳಸುವ ಮುನ್ನ ಕಂಪನಿಗಳು ಪೋಷಕರ ಒಪ್ಪಿಗೆ ಪಡೆಯಬೇಕು, ಆ ಒಪ್ಪಿಗೆ ಪರಿಶೀಲನೆಗೆ ನಿಲ್ಲುವಂತಿರಬೇಕು ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳಿಗೆ 2025ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಬಿದ್ದಿದೆ. ಈ ಹೊಣೆ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಮಕ್ಕಳು ಹುಟ್ಟಿದ ವರ್ಷವನ್ನು ಸುಳ್ಳಾಗಿ ಬರೆದು ಜಾಲತಾಣಗಳಿಗೆ ಒಳಹೊಕ್ಕುವ ಈಗಿನ ಸ್ಥಿತಿಗಿಂತ ಇದು ಮೇಲು.

ಆದರೆ ಮಕ್ಕಳು ಯಾರೆಂದು ಗುರುತಿಸಲು ಹೊರಟರೆ ದೊಡ್ಡವರೂ ವಯಸ್ಸನ್ನು ಸಾಬೀತುಪಡಿಸಬೇಕಾಗುತ್ತದೆ. ಹಾಗೆ ಕೊಟ್ಟ ದಾಖಲೆ ಯಾರ ಬಳಿ ಉಳಿಯುತ್ತದೆ? ವಯಸ್ಸಿನ ಕುರಿತ ಮೇಲ್ಮನವಿಗಳ ಪರಿಶೀಲನೆಗೆ ಬಳಸಿದ ಸುಮಾರು 70,000 ಮಂದಿಯ ಗುರುತಿನ ಚೀಟಿಗಳ ಚಿತ್ರಗಳು ಹೊರಗಿನ ಸೇವಾ ಸಂಸ್ಥೆಯೊಂದರ ಮೂಲಕ ಸೋರಿರಬಹುದು ಎಂದು ಆನ್‌ಲೈನ್ ಚಾಟ್ ವೇದಿಕೆ ಡಿಸ್ಕಾರ್ಡ್ 2025ರ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡಿತು. ರಕ್ಷಣೆಯ ಹೆಸರಿನಲ್ಲಿ ಕೂಡಿಟ್ಟದ್ದೇ ಕಳ್ಳರಿಗೆ ಸಿಕ್ಕಂತಾಯಿತು. 16 ವರ್ಷದೊಳಗಿನವರ ಸಾಮಾಜಿಕ ಜಾಲತಾಣ ಖಾತೆಗಳನ್ನು ನಿಷೇಧಿಸಿದ ಆಸ್ಟ್ರೇಲಿಯಾ, ಸರ್ಕಾರಿ ಗುರುತಿನ ಚೀಟಿಯೊಂದನ್ನೇ ಕಡ್ಡಾಯ ಮಾಡದಂತೆ ಕಾಯ್ದೆಯಲ್ಲೇ ತಡೆ ಹಾಕಿದೆ. ಭಾರತದ ನಿಯಮಗಳೂ ಡಿಜಿಲಾಕರ್‌ನಂಥ ಸೇವೆ ನೀಡುವ, ವಯಸ್ಸನ್ನು ದೃಢೀಕರಿಸುವ ಡಿಜಿಟಲ್ ಟೋಕನ್‌ಗೆ ಅವಕಾಶ ಕೊಟ್ಟಿವೆ. ಅದೇ ಮುಖ್ಯ ಮಾರ್ಗವಾಗಬೇಕು. ಪೋಷಕರು ವಯಸ್ಕರು ಹೌದೋ ಅಲ್ಲವೋ ಎಂಬ ಉತ್ತರವಷ್ಟೇ ಕಂಪನಿಗೆ ಸಿಗಬೇಕು. ದಾಖಲೆಯ ಪ್ರತಿ ಇಟ್ಟುಕೊಳ್ಳುವುದನ್ನು ಸರ್ಕಾರ ಸ್ಪಷ್ಟ ಮಾತುಗಳಲ್ಲಿ ನಿಷೇಧಿಸಬೇಕು.