ತಪ್ಪಿದ್ದು ಲೆಕ್ಕವಲ್ಲ, ಭಾಷೆ!



ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ತಮ್ಮನೋ ತಂಗಿಯೋ ನಿಮ್ಮ ಮನೆಯಲ್ಲೂ ಇರಬಹುದು. ಸಂಜೆ ಹೋಂವರ್ಕ್ ಮುಂದಿಟ್ಟುಕೊಂಡು ಕೂತ ಆ ಮಗುವನ್ನು ಗಮನಿಸಿದ್ದೀರಾ? ಕೂಡುವುದು ಬರುತ್ತದೆ, ಕಳೆಯುವುದು ಬರುತ್ತದೆ, ಮಗ್ಗಿಯೂ ಬರುತ್ತದೆ. ಆದರೆ ಮೂರು ಸಾಲಿನ ಇಂಗ್ಲಿಷ್ ಲೆಕ್ಕ ಕಂಡೊಡನೆ ಪೆನ್ಸಿಲ್ ನಿಂತುಬಿಡುತ್ತದೆ! 'ಲೆಸ್ ದ್ಯಾನ್' ಎಂದರೆ ಯಾವುದರಿಂದ ಯಾವುದನ್ನು ಕಳೆಯಬೇಕು? ತಿಳಿಯದ ಮಗುವಿಗೆ 'ದಡ್ಡ' ಎಂಬ ಬಿರುದು. ಇದು ಅನ್ಯಾಯವಲ್ಲವೇ?

ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳಿನೋಡಿ: ಪೆನ್ನಿನ ಬೆಲೆ ಪುಸ್ತಕದ ಬೆಲೆಗಿಂತ 5 ರೂಪಾಯಿ ಕಡಿಮೆ. 3 ಪುಸ್ತಕ, 2 ಪೆನ್ನಿಗೆ ಒಟ್ಟು 90 ರೂಪಾಯಿ. ಒಂದೊಂದರ ಬೆಲೆ ಎಷ್ಟು?

ಗೊತ್ತಿಲ್ಲದ್ದು ಪುಸ್ತಕದ ಬೆಲೆ. ಅದನ್ನು 'ಕ್ಷ' ಅನ್ನೋಣ. ಎಕ್ಸ್‌ರೇಯನ್ನು ಕ್ಷ-ಕಿರಣ ಎಂದ ಭಾಷೆಯಲ್ಲವೇ ನಮ್ಮದು! ಪೆನ್ನಿನ ಬೆಲೆ ಕ್ಷ – 5. ಹಾಗಾದರೆ,

3ಕ್ಷ + 2(ಕ್ಷ – 5) = 90

ಆವರಣ ಬಿಡಿಸಿ:

3ಕ್ಷ + 2ಕ್ಷ – 10 = 90

'ಆಚೆ ಹೋದರೆ ಮೈನಸ್ಸು ಪ್ಲಸ್ಸಾಗುತ್ತೆ' ಎಂಬ ಬಾಯಿಪಾಠ ಬೇಡ. ಸಮೀಕರಣವೆಂದರೆ ತಕ್ಕಡಿ. ಒಂದು ತಟ್ಟೆಗೆ ಹಾಕಿದಷ್ಟನ್ನೇ ಇನ್ನೊಂದಕ್ಕೂ ಹಾಕಬೇಕು. ಎರಡೂ ಕಡೆ 10 ಕೂಡಿಸಿ:

5ಕ್ಷ = 100

ಎರಡೂ ಕಡೆ 5ರಿಂದ ಭಾಗಿಸಿ:

ಕ್ಷ = 20

ಪುಸ್ತಕಕ್ಕೆ 20, ಪೆನ್ನಿಗೆ 15 ರೂಪಾಯಿ. ತಾಳೆ ನೋಡಿ: 60 + 30 = 90. ಸರಿಯಾಯಿತು!

'ಕನ್ನಡದಲ್ಲಿ ಗಣಿತವೇ?' ಎಂದು ಮೂಗು ಮುರಿಯುವವರಿಗೆ ಹೇಳಿ: ರಾಜಾದಿತ್ಯ 12ನೇ ಶತಮಾನದಲ್ಲೇ 'ವ್ಯವಹಾರಗಣಿತ' ಬರೆದದ್ದು ಕನ್ನಡದಲ್ಲಿ. 'ಪರೀಕ್ಷೆ ಇಂಗ್ಲಿಷಿನಲ್ಲಲ್ಲವೇ?' ಎನ್ನುವವರೂ ಇದ್ದಾರೆ. ಉತ್ತರ ಇಂಗ್ಲಿಷಿನಲ್ಲೇ ಬರೆಯಲಿ, ಬೇಡವೆಂದವರಾರು? ಆದರೆ ಅರ್ಥ ಮೊದಲು ಕನ್ನಡದಲ್ಲಿ ಆಗಲಿ. ಅರ್ಥವಾದ ಲೆಕ್ಕವನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು. ಅರ್ಥವಾಗದ್ದನ್ನು ಯಾವ ಭಾಷೆಯಲ್ಲೂ ಬರೆಯಲಾಗದು.

ಪ್ರಾಥಮಿಕ ಶಾಲೆಗಳ ಮೇಲೆ ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಶಾಲೆಯ ಬಾಗಿಲಲ್ಲಿ ಸೋತೆವು, ನಿಜ. ಆದರೆ ಮನೆಯ ಜಗಲಿಯ ಮೇಲೆ ಕನ್ನಡದಲ್ಲಿ ಲೆಕ್ಕ ಹೇಳಿಕೊಡಬೇಡಿ ಎಂದು ಯಾವ ಕೋರ್ಟು ಹೇಳಿದೆ?

ನವೆಂಬರಿನಲ್ಲಿ ಬಾವುಟ ಹಿಡಿಯುವ ಕೈಗಳೇ, ದಿನಕ್ಕೆ ಅರ್ಧ ಗಂಟೆ ಬಳಪ ಹಿಡಿಯಿರಿ. ನಿಮ್ಮ ಬೀದಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಳ್ಳಿ. ಒಂದೊಂದೇ ಹಂತ ಬಿಡಿಸಿ ಹೇಳಿ. ಲೆಕ್ಕ ಬಿಡಿಸಲು ಕನ್ನಡ ಸಾಕೆಂದು ಕಂಡ ಮಗು ನಾಳೆ ಕನ್ನಡವನ್ನು ಕೀಳೆನ್ನುವುದಿಲ್ಲ. ಇದೂ ಹೋರಾಟವೇ. ಇಂದು ಸಂಜೆಯೇ ಆರಂಭಿಸಿ!